ಸೇತುವೆ ಬಂದ ಊರು

"ಗುರುಗಳೇ, ನಾವಿರೋದು ಇಬ್ಬರೇ. ಕೇಳೋರು ಸಾವಿರ ಜನ. ಅವರು ಕೇಳಿದ ವೇಗಕ್ಕೆ ಹೊಸ ಅಪ್‌ಡೇಟ್ ಕೊಡೋಕೆ ನಮ್ಮ ಕೈಲಿ ಆಗ್ತಿಲ್ಲ. ಕೊಡದೇ ಇದ್ರೆ ಬಿಟ್ಟು ಹೋಗ್ತಾರೆ. ಅವರನ್ನ ಹೇಗೆ ಉಳಿಸ್ಕೊಳ್ಳಲಿ?"

ಹೀಗೆ ಕೇಳಿದವಳು ಮಂದಾಕಿನಿ. ಅವಳೂ ಅವಳ ಚಿಕ್ಕಪ್ಪನ ಮಗನೂ ಸೇರಿ ಆನ್‌ಲೈನ್‌ನಲ್ಲಿ ಒಂದು ಆಟ ನಡೆಸುತ್ತಿದ್ದರು. ವೇಷದ ಆಟ. ಪರದೆಯ ಮೇಲೆ ಒಂದು ಊರು. ಎಲ್ಲೆಲ್ಲಿಯದೋ ಜನ ಸಂಜೆಯಾದರೆ ಅಲ್ಲಿಗೆ ಬರುವುದು, ತಮಗೆ ಬೇಕಾದ ವೇಷ ಹಾಕಿಕೊಳ್ಳುವುದು, ಆ ವೇಷದವರಾಗಿಯೇ ಮಾತಾಡಿ, ಜಗಳವಾಡಿ, ಬದುಕಿ ಹೋಗುವುದು. ಗುರುಗಳು ಎಂದರೆ ಅವಳಿಗೆ ಕಂಪ್ಯೂಟರ್ ಕಲಿಸಿದ ಸಾಂಬಮೂರ್ತಿ. ಈಗ ನಿವೃತ್ತರು. ನೇರವಾಗಿ ಉತ್ತರ ಕೊಟ್ಟರೆ ಅವರಿಗೆ ತಿಂದ ಅನ್ನ ಕರಗುವುದಿಲ್ಲ. ಅಂದೂ ಕನ್ನಡಕ ತೆಗೆದಿಟ್ಟು ಕತೆ ಶುರು ಮಾಡಿದರು.

ಒಬ್ಬ ಮೇಸ್ತ್ರಿ ಇದ್ದ. ಇಟ್ಟಿಗೆ ಗಾರೆಯ ಮೇಸ್ತ್ರಿಯಲ್ಲ, ನಿನ್ನ ಹಾಗೆ ಪರದೆಯ ಮೇಲೆ ಊರು ಕಟ್ಟುವವನು. ಅವನಿಗೊಬ್ಬ ಗೆಳೆಯನಿದ್ದ. ಇಬ್ಬರೂ ಸೇರಿ ಒಂದು ಊರು ಕಟ್ಟಿದರು. ಊರಿನ ನಡುವೆ ನದಿ ಇಟ್ಟರು. ಈ ದಡದಲ್ಲಿ ಬೀದಿ, ಅಂಗಡಿ, ಶಾಲೆ, ಠಾಣೆ. ಆ ದಡದಲ್ಲಿ ಹತ್ತಲು ದಾರಿಯಿಲ್ಲದ ಒಂದು ಗುಡ್ಡ, ಗುಡ್ಡದ ಕೆಳಗೆ ಕೆಲವು ಖಾಲಿ ಮನೆಗಳು. ನಡುವೆ ಸೇತುವೆ ಕಟ್ಟುವುದು ಬಾಕಿ ಉಳಿಯಿತು. ಆಮೇಲೆ ಕಟ್ಟಿದರಾಯಿತು ಎಂದುಕೊಂಡು ಊರಿನ ಬಾಗಿಲು ತೆರೆದರು.

ಜನ ಬಂದರು. ಒಬ್ಬ ಟಪಾಲಿನವನಾದ, ಒಬ್ಬಳು ಸೂಲಗಿತ್ತಿಯಾದಳು, ಒಬ್ಬ ಕಳ್ಳನಾದ. ಕಳ್ಳನನ್ನು ಹಿಡಿಯಲು ಇಬ್ಬರು ಪೊಲೀಸರಾದರು. ಅಲ್ಲಿ ಗೆಲ್ಲುವುದು ಸೋಲುವುದು ಇರಲಿಲ್ಲ. ಒಂದೇ ಒಂದು ಕಟ್ಟುಪಾಡು ಇತ್ತು. ಹೊರಗೆ ನೀನು ಯಾರು ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ. ವೇಷ ಹಾಕಿದ ಮೇಲೆ ವೇಷದ ಮಾತನ್ನೇ ಆಡಬೇಕು.

ಮೊದಮೊದಲು ಮೇಸ್ತ್ರಿಯೂ ಗೆಳೆಯನೂ ತಿಂಗಳಿಗೊಂದು ಅಪ್‌ಡೇಟ್ ಕೊಡುತ್ತಿದ್ದರು. ಒಮ್ಮೆ ಹಿಟ್ಟಿನ ಗಿರಣಿ, ಒಮ್ಮೆ ಬಾವಿ, ಒಮ್ಮೆ ಶಾಲೆಗೊಂದು ಗಂಟೆ. ಬಾವಿ ಬಂದ ದಿನವೇ ಬಾವಿಕಟ್ಟೆಯಲ್ಲಿ ಜಗಳ ಹುಟ್ಟಿತು. ಗಂಟೆ ಬಂದ ದಿನವೇ ಅದನ್ನು ಕಳ್ಳ ಕದ್ದ. ಆಟ ರಂಗೇರಿತು.

ಆಮೇಲೆ ಗೆಳೆಯ ಹೊರಟ. ಅವನಿಗೆ ಮದುವೆಯಾಗಿತ್ತು, ಮಗು ಬರುವುದರಲ್ಲಿತ್ತು, ಮಾವನ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳಬೇಕಾಗಿತ್ತು. "ಆ ಸೇತುವೆ ಒಂದು ಮುಗಿಸಿಬಿಡೋ, ಸಾಕು," ಎಂದ. ಮೇಸ್ತ್ರಿ "ಆಗಲಿ ಬಿಡು" ಎಂದ. ಇದರಲ್ಲಿ ತಪ್ಪು ಯಾರದೂ ಅಲ್ಲ. ಸಣ್ಣ ತಂಡ ಎಂದರೆ ಹೀಗೆಯೇ. ಒಬ್ಬ ಎದ್ದು ಹೋದರೆ ಅರ್ಧ ಮನೆ ಖಾಲಿ.

ಅಪ್‌ಡೇಟ್ ನಿಧಾನವಾಯಿತು. ತಿಂಗಳಿಗೊಂದು ಬರುತ್ತಿದ್ದದ್ದು ಹಬ್ಬಕ್ಕೊಂದಾಯಿತು. ಬರಬರುತ್ತ ಹಬ್ಬಗಳೂ ಸುಮ್ಮನೆ ಕಳೆದವು. ಹೊಸದರ ರುಚಿಗೆ ಬಂದಿದ್ದವರು ಹೊಸದು ಸಿಗುವ ಕಡೆಗೆ ಹೋದರು. ಅವರು ಯಾವತ್ತಿದ್ದರೂ ಹೋಗುವವರೇ. ಉಳಿಯುವವರು ಉಳಿದರು.

ಊರಿನ ಬಾಗಿಲಲ್ಲಿ ಒಂದು ಗೋಡೆ ಇತ್ತು. ಮೇಸ್ತ್ರಿಗೆ ಹೇಳಬೇಕಾದದ್ದನ್ನು ಜನ ಅದರ ಮೇಲೆ ಬರೆಯಬಹುದಿತ್ತು. ಮೇಸ್ತ್ರಿ ಬೆಳಗ್ಗೆ ಎದ್ದ ಕೂಡಲೇ ಅದನ್ನು ಓದುತ್ತಿದ್ದ. 'ಸೇತುವೆ ಯಾವಾಗ?' 'ಈ ಜನ್ಮದಲ್ಲಿ ಸೇತುವೆ ಬರುತ್ತದೆಯೇ?' 'ಮೇಸ್ತ್ರಿ ಬದುಕಿದ್ದಾನೋ ಇಲ್ಲವೋ?' ಹಲ್ಲುಜ್ಜುವ ಮೊದಲೇ ಬೈಗುಳ ತಿಂದು ಅವನ ದಿನ ಶುರುವಾಗುತ್ತಿತ್ತು. ಚೆನ್ನಾಗಿದೆ ಎಂದು ಗೋಡೆಯ ಮೇಲೆ ಬರೆಯುವವರು ಯಾರು? ಚೆನ್ನಾಗಿರುವವರು ಒಳಗೆ ಆಟದಲ್ಲಿರುತ್ತಾರೆ. ಇಷ್ಟು ಸಣ್ಣ ವಿಷಯ ಅವನ ತಲೆಗೆ ಹೊಳೆಯಲಿಲ್ಲ.

ಅವನು ಗೋಡೆ ಓದುತ್ತಿದ್ದ, ಊರೊಳಗೆ ಕಾಲಿಡುತ್ತಿರಲಿಲ್ಲ. ಪುರುಸೊತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಪುರುಸೊತ್ತಿನ ಮಾತು ಸುಳ್ಳು. ಅವನಿಗೆ ನಾಚಿಕೆ. ಸೇತುವೆ ಕಟ್ಟುತ್ತೇನೆ ಎಂದು ಮಾತು ಕೊಟ್ಟು ಕಟ್ಟದವನು ಯಾವ ಮುಖ ಹೊತ್ತು ಹೋಗುವುದು? ಆದರೆ ಅವನಿಗೆ ಜನ ಎಂದು ಇದ್ದದ್ದು ಅವರೇ. ಪರದೆಯ ಮೂಲೆಯಲ್ಲಿ ಒಂದು ಅಂಕಿ ಕಾಣುತ್ತಿತ್ತು, ಈ ಹೊತ್ತಿನಲ್ಲಿ ಊರೊಳಗೆ ಇಷ್ಟು ಮಂದಿ ಇದ್ದಾರೆ ಎಂದು. ಒಬ್ಬನೇ ಕೂತು ಉಣ್ಣುವಾಗ ಅವನು ಆ ಅಂಕಿಯನ್ನು ನೋಡುತ್ತ ಉಣ್ಣುತ್ತಿದ್ದ. ಅದು ಕಡಿಮೆಯಾದ ದಿನ ಅರ್ಧಕ್ಕೇ ಕೈ ತೊಳೆದು ಏಳುತ್ತಿದ್ದ. ಇವರೂ ಹೋಗಿಬಿಟ್ಟರೆ ತನಗಿನ್ನು ಯಾರು ಎಂದು ಹೆದರುತ್ತಿದ್ದ.

ಈಗ ಊರೊಳಗೆ ಏನಾಗುತ್ತಿತ್ತು, ಅದನ್ನು ಕೇಳು. ಸೌದೆಗೆ ಬೇಕಾದೀತೆಂದು ಮೇಸ್ತ್ರಿ ಕಾಡಿನಲ್ಲಿ ಮರದ ದಿಮ್ಮಿಗಳನ್ನು ಇಟ್ಟಿದ್ದ. ಅವು ನೀರಿನಲ್ಲಿ ತೇಲುತ್ತವೆ ಎಂಬುದು ಇಟ್ಟವನಿಗೇ ಗೊತ್ತಿರಲಿಲ್ಲ. ಆಡುವವರಲ್ಲಿ ಒಬ್ಬ ಅದನ್ನು ಕಂಡುಹಿಡಿದ. ದಿಮ್ಮಿಯನ್ನು ನದಿಗೆ ಉರುಳಿಸಿ, ಒಬ್ಬರನ್ನು ಮುಂದೆ ಕೂರಿಸಿ, ಹಿಂದಿನಿಂದ ಮೆಲ್ಲಗೆ ನೂಕುತ್ತ ಹೋದರೆ ಆ ದಡ ಸಿಗುತ್ತಿತ್ತು. ಬಿಸಿ ಚಹಾ ಆರಿ ತಣ್ಣಗಾಗುವಷ್ಟು ಹೊತ್ತು ಹಿಡಿಯುತ್ತಿತ್ತು. ಅವನು ಅಂಬಿಗನ ವೇಷ ಹಾಕಿಕೊಂಡ.

ಅಷ್ಟು ಹೊತ್ತು ದಿಮ್ಮಿಯ ಮೇಲೆ ಕೂತವರು ಮಾತಾಡದೆ ಇನ್ನೇನು ಮಾಡಬೇಕು? ಸೂಲಗಿತ್ತಿ ಯಾವ ಮನೆಯಲ್ಲಿ ಯಾರು ಹುಟ್ಟಿದರೆಂದು ಅಂಬಿಗನಿಗೆ ವರದಿ ಒಪ್ಪಿಸಿದಳು. ಕಳ್ಳ ನದಿಯ ನಡುವೆ ಗಂಟೆ ಕದ್ದದ್ದನ್ನು ಒಪ್ಪಿಕೊಂಡ, ಈ ದಡ ಮುಟ್ಟಿದ ಮೇಲೆ ಇಲ್ಲವೆಂದ. ಸರದಿಗಾಗಿ ದಡದಲ್ಲಿ ಕಾದವರು ಕಾಯುತ್ತ ಕಾಯುತ್ತ ಗಂಡು ಹೆಣ್ಣಿನ ಸಂಬಂಧ ಕುದುರಿಸಿದರು. ಒಬ್ಬಳು ಅಲ್ಲೇ ಚುರುಮುರಿ ಮಾರಲು ಕೂತಳು. ಆ ದಡದ ಖಾಲಿ ಮನೆಗಳಲ್ಲಿ ಯಾರಿಗೆ ಏನು ಕೆಲಸ? ಹೋಗಿಬರುವುದು ಒಂದು ನೆಪ. ಸೇತುವೆ ಯಾವಾಗ ಎಂದು ಗೋಡೆಯ ಮೇಲೆ ಬರೆದವರೂ ಬರೆದು ಕೈ ಒರೆಸಿಕೊಂಡು ಬಂದು ಇದೇ ಸಾಲಿನಲ್ಲಿ ನಿಲ್ಲುತ್ತಿದ್ದರು.

ಇದೊಂದೂ ಮೇಸ್ತ್ರಿಗೆ ತಿಳಿಯದು. ಒಂದು ಬೆಳಗ್ಗೆ ಗೋಡೆ ಓದಿ ಅವನಿಗೆ ರೋಸಿಹೋಯಿತು. ಉಳಿದದ್ದೆಲ್ಲ ಬದಿಗಿಟ್ಟು ಸೇತುವೆಗೆ ಕೈ ಹಾಕಿದ. ಶಾಲೆಯ ಬಾಗಿಲು ಕಚ್ಚಿಕೊಂಡು ನಿಂತಿತು, ಅದನ್ನು ಸರಿಮಾಡಲಿಲ್ಲ. ಬಾವಿಯ ರಾಟೆ ತಿರುಗದಾಯಿತು, ಅದನ್ನೂ ನೋಡಲಿಲ್ಲ. ಎರಡು ಕೈ ಇರುವವನು ಎಷ್ಟು ಕಡೆ ನೋಡಿಯಾನು? ಗೆಳೆಯ ಫೋನ್ ಮಾಡಿದರೆ ಎತ್ತಲಿಲ್ಲ. ಗಡ್ಡ ಬೆಳೆಯಿತು, ಬೆನ್ನು ಹಿಡಿದುಕೊಂಡಿತು. ಕಲ್ಲಿನ ಕಮಾನು, ಎರಡು ಬದಿಗೂ ಕಟಕಟೆ, ಸಾಲಾಗಿ ದೀಪ. ಯಾರೂ ಕೇಳದ ದೀಪಗಳನ್ನೂ ಇಟ್ಟ. ತಡವಾದದ್ದಕ್ಕೆ ಅದು ಅವನ ಕ್ಷಮಾಪಣೆ.

ಸೇತುವೆ ತೆರೆದ ದಿನ ಮೂಲೆಯ ಅಂಕಿ ಹಿಂದೆಂದೂ ಇಲ್ಲದಷ್ಟು ಏರಿತು. ಬಿಟ್ಟು ಹೋದವರೂ ನೋಡಲು ಬಂದರು. ಮೇಸ್ತ್ರಿಗೆ ಜೈ ಎಂದು ಗೋಡೆಯ ತುಂಬ ಬರೆದರು. ಮೇಸ್ತ್ರಿ ಒಬ್ಬನೇ ಕೂತು ನಕ್ಕ. ಸಂತೋಷವನ್ನು ಹೇಳಿಕೊಳ್ಳೋಣವೆಂದು ಗೆಳೆಯನಿಗೆ ಫೋನ್ ಮಾಡಿದ. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಆಮೇಲೆ ಮಾಡುತ್ತೇನೆ ಎಂದು ಅವನು ಇಟ್ಟ.

ಈಗ ನದಿ ದಾಟಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕಾಗುತ್ತಿತ್ತು. ಜನ ದಾಟಿದರು. ಖಾಲಿ ಮನೆಗಳನ್ನು ನೋಡಿದರು. ತಿರುಗಿ ಬಂದರು. ಯಾರೂ ಯಾರಿಗಾಗಿಯೂ ಕಾಯಬೇಕಾಗಿರಲಿಲ್ಲ. ಸಾಲು ಇಲ್ಲವಾದ ಮೇಲೆ ಚುರುಮುರಿಯವಳು ಬುಟ್ಟಿ ಎತ್ತಿದಳು. ಸೂಲಗಿತ್ತಿಯ ಸುದ್ದಿ ಕೇಳುವವರಿಲ್ಲದೆ ಅವಳು ಬರುವುದು ಬಿಟ್ಟಳು. ಗುಡ್ಡ ಯಾವಾಗ ತೆರೆಯುತ್ತೀರಿ ಎಂದು ಗೋಡೆಯ ಮೇಲೆ ಕೆಲವು ದಿನ ಬರೆದರು. ಆಮೇಲೆ ಅದನ್ನೂ ಬರೆಯಲಿಲ್ಲ. ಬೈಗುಳ ಕೂಡ ಇಲ್ಲದ ಗೋಡೆಯನ್ನು ಮೇಸ್ತ್ರಿ ದಿನಕ್ಕೆ ಹತ್ತು ಸಲ ತೆರೆದು ನೋಡಿದ. ಅಂಕಿ ಇಳಿಯುತ್ತ ಹೋಯಿತು. ಒಂದು ಸಂಜೆ ನೋಡಿದರೆ ಬರೀ ಒಂದು ಎಂದಿತ್ತು.

ಉಳಿದ ಆ ಒಬ್ಬ ಯಾರು? ಮೇಸ್ತ್ರಿಗೆ ತಡೆಯಲಾಗಲಿಲ್ಲ. ತಾನು ಕಟ್ಟಿದ ಊರಿಗೆ ಅಂದು ಮೊದಲ ಸಲ ಇನ್ನೂ ವೇಷ ಆರಿಸಿಕೊಳ್ಳದ ಹೊಸಬನ ಬಿಳಿ ಬಟ್ಟೆ ತೊಟ್ಟು ಹೋದ. ಬೀದಿಯಲ್ಲಿ ಯಾರೂ ಇರಲಿಲ್ಲ. ನದಿಯ ಕಡೆಗೆ ನಡೆದ. ದಡದಲ್ಲಿ ಒಂದು ದಿಮ್ಮಿ, ದಿಮ್ಮಿಯ ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿದ್ದ.

"ಬನ್ನಿ ಸ್ವಾಮಿ, ಕೂತ್ಕೊಳ್ಳಿ. ಆಚೆ ದಡಕ್ಕೆ ಬಿಡ್ತೀನಿ," ಎಂದ ಅಂಬಿಗ.

ಪಕ್ಕದಲ್ಲೇ ಸೇತುವೆಯಿತ್ತು. ದೀಪಗಳು ಉರಿಯುತ್ತಿದ್ದವು. ಅದರ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಮೇಸ್ತ್ರಿ ದಿಮ್ಮಿಯ ಮೇಲೆ ಕೂತ. ದಿಮ್ಮಿ ಮೆಲ್ಲಗೆ ಹೊರಟಿತು.

"ಹೊಸಬರಾ? ಊಟ ಆಯ್ತಾ?"

ಮೇಸ್ತ್ರಿಯ ಬೆರಳುಗಳು ಕೀಲಿಮಣೆಯ ಮೇಲೆ ತಡೆದು ನಿಂತವು. ಗೆಳೆಯ ಹೋದ ಮೇಲೆ ಅವನನ್ನು ಈ ಮಾತು ಕೇಳಿದವರಿರಲಿಲ್ಲ. ಅವನು ಊರಿನ ಕಟ್ಟುಪಾಡು ಮರೆತು ನಿಜವನ್ನೇ ಹೇಳಿದ. "ಈ ಸೇತುವೆ ಕಟ್ಟಿದವನು ನಾನು."

ಅಂಬಿಗ ಅದನ್ನು ನಿಜವೆಂದು ತಿಳಿಯಲಿಲ್ಲ. ನಾನು ಇಂಥವನು ಎಂದು ಆ ಊರಿಗೆ ಬಂದವನು ಹೇಳಿದರೆ ಅದು ಅವನ ವೇಷ. ಅದನ್ನು ಒಪ್ಪಿ ಆಟ ಮುಂದುವರಿಸುವುದು ಅಲ್ಲಿಯ ಮರ್ಯಾದೆ. ಬಹಳ ದಿನಗಳ ಮೇಲೆ ಜೊತೆಗೊಬ್ಬ ಸಿಕ್ಕಿದ್ದ. ಅಂಬಿಗ ಉತ್ಸಾಹದಿಂದ ಕೇಳಿದ.

"ಓಹೋ, ಸೇತುವೆ ಮೇಸ್ತ್ರಿನಾ! ಕೆಲಸಕ್ಕೆ ಎಷ್ಟು ಜನ ಇದ್ರಿ?"

"ಒಬ್ಬನೇ."

"ಅಯ್ಯೋ, ಒಬ್ರೇನಾ? ಇಷ್ಟೊಂದು ಕಲ್ಲು ಒಬ್ರೇ ಹೊತ್ರಾ? ನಮ್ಮನ್ನ ಕರೀಬಾರ್ದಿತ್ತಾ ಮೇಸ್ತ್ರಿ? ಊರಿಗೆ ಊರೇ ಬರ್ತಿತ್ತು. ಒಂದೊಂದು ಕಲ್ಲಿಗೂ ಒಂದೊಂದು ಜಗಳ ಆಡ್ಕೊಂಡು ವರ್ಷಾನುಗಟ್ಟಲೆ ಕಟ್ತಿದ್ವಿ. ಕಳ್ಳ ಇದ್ದಾನಲ್ಲ, ಹಗಲು ಇಟ್ಟ ಕಲ್ಲನ್ನ ರಾತ್ರಿ ಕದ್ದು ಇನ್ನೊಂದು ವರ್ಷ ಜಾಸ್ತಿ ಮಾಡ್ತಿದ್ದ. ನಮಗೇನು ಅವಸರ ಇತ್ತು?"

"ಸೇತುವೆ ಯಾವಾಗ, ಸೇತುವೆ ಯಾವಾಗ ಅಂತ ದಿನಾ ಗೋಡೆ ಮೇಲೆ ಕೇಳ್ತಿದ್ರಲ್ಲ?"

"ಕೇಳ್ತಿದ್ವಿ. ನಿಮ್ಮ ಸುದ್ದಿನೇ ಇರ್ಲಿಲ್ಲ. ನಿಮ್ಮನ್ನ ಮಾತಾಡ್ಸೋಕೆ ಇನ್ನೇನು ಕೇಳೋಣ?"

ಪರದೆಯ ಈಚೆ ಮೇಸ್ತ್ರಿ ಅಳುತ್ತಿದ್ದ. ಆಚೆ ಬಿಳಿ ಬಟ್ಟೆಯ ಹೊಸಬ ಸುಮ್ಮನೆ ದಿಮ್ಮಿಯ ಮೇಲೆ ಕೂತಿದ್ದ. ದಡ ಬಂತು. "ಇಳೀರಿ ಮೇಸ್ತ್ರಿ. ನೀವು ಬಂದ್ರಲ್ಲ, ಇವತ್ತಿಗೆ ನನಗೂ ಮಾತಾಯ್ತು," ಎಂದು ಹೇಳಿ ಅಂಬಿಗ ಹೋದ. ನೀನು ಯಾರಪ್ಪ, ಎಲ್ಲಿಯವನು ಎಂದು ಕೇಳಬೇಕೆಂದು ಮೇಸ್ತ್ರಿಗೆ ನಾಲಿಗೆಯ ತುದಿಗೆ ಬಂದಿತ್ತು. ಕೇಳುವಂತಿರಲಿಲ್ಲ. ಆ ಕಟ್ಟುಪಾಡು ಮಾಡಿದವನೂ ಅವನೇ.

ಮರುದಿನ ಮೇಸ್ತ್ರಿ ದಡದಲ್ಲಿ ಕಲ್ಲುಗಳನ್ನು ರಾಶಿ ಹಾಕಿದ. ಜನ ತನಗೆ ಬರೆಯುತ್ತಿದ್ದ ಗೋಡೆಯ ಮೇಲೆ ಮೊದಲ ಬಾರಿಗೆ ತಾನು ಬರೆದ, 'ಬನ್ನಿ, ಗುಡ್ಡಕ್ಕೆ ದಾರಿ ಕಟ್ಟೋಣ' ಎಂದು. ಓದಲು ಆ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ. ಬೇರೆ ಬೇರೆ ಊರುಗಳಲ್ಲಿ ಅವರೆಲ್ಲ ಬೇರೆ ಬೇರೆ ವೇಷ ಹಾಕಿ ಆಗಿತ್ತು. ಅಂಬಿಗನಾದರೂ ಬಂದಾನೆಂದು ಮೇಸ್ತ್ರಿ ಸಂಜೆಯಿಂದ ದಿಮ್ಮಿಯ ಪಕ್ಕದಲ್ಲಿ ಕಾದು ಕೂತ. ಅವನೂ ಬರಲಿಲ್ಲ. ಮೂಲೆಯ ಅಂಕಿ ಒಂದು ಎಂದು ತೋರಿಸುತ್ತಿತ್ತು. ಆ ಒಂದು ಮೇಸ್ತ್ರಿಯೇ.

ಇಷ್ಟು ಹೇಳಿ ಗುರುಗಳು ಕನ್ನಡಕ ಒರೆಸತೊಡಗಿದರು.

ಮಂದಾಕಿನಿ ಲೆಕ್ಕ ಅರ್ಥವಾದವಳಂತೆ ತಲೆಯಾಡಿಸಿದಳು. "ಹಾಗಾದ್ರೆ ಅಪ್‌ಡೇಟ್ ನಿಧಾನವಾಗಿ ಕೊಟ್ರೇನೇ ಒಳ್ಳೇದು ಅಂತೀರಾ ಗುರುಗಳೇ?"

"ಅದಿರಲಿ ಮಂದಾಕಿನಿ, ನಿನ್ನ ಊರಲ್ಲಿ ನಿನ್ನ ವೇಷ ಯಾವುದು?"

"ನನ್ನ ವೇಷಾನಾ? ಊರೊಳಗೆ ಹೋಗೋಕೆ ನನಗೆಲ್ಲಿ ಪುರುಸೊತ್ತು ಗುರುಗಳೇ?" ಎಂದಳು ಮಂದಾಕಿನಿ.