ಕದ್ದ ಅರ್ಧ ಸುತ್ತು

“ಗುರುಗಳೇ, ಕಲಿಸುವವನು ಬೈಯಲೇಬೇಕೇ?” ಎಂದು ಶಿಷ್ಯ ಕೇಳಿದ.

ಗುರುಗಳು ಮೃದಂಗದ ಪಾಠ ಹೇಳುವವರು. ಶಿಷ್ಯ ಅವರ ಹತ್ತಿರ ಬಹುಕಾಲ ಕಲಿತು, ಈಗ ಅವರ ಮನೆಯ ಜಗಲಿಯಲ್ಲೇ ಚಿಕ್ಕ ಹುಡುಗರಿಗೆ ಪಾಠ ಹೇಳುತ್ತಿದ್ದ. ಹುಡುಗರಿಗೆ ಅವನೆಂದರೆ ಪ್ರಾಣ. ಗುರುಗಳ ಕೆಮ್ಮು ಕೇಳಿದರೆ ಸಾಕು, ಅದೇ ಹುಡುಗರು ಅಂಗೈ ಒರೆಸಿಕೊಂಡು ನೆಟ್ಟಗೆ ಕೂರುತ್ತಿದ್ದರು.

“ಬೈದು ಹೇಳಿದವರು ಬದುಕಲು ಹೇಳಿದರು ಅನ್ನುವುದು ಹಳೆಯ ಕಾಲದ ಮಾತು,” ಶಿಷ್ಯ ಮುಂದುವರಿಸಿದ. “ನಾನು ಇವತ್ತಿನವರೆಗೆ ಒಬ್ಬ ಹುಡುಗನ ಕಣ್ಣಲ್ಲೂ ನೀರು ತರಿಸಿಲ್ಲ. ಒಳ್ಳೆಯ ಮಾತಿನಿಂದ ಯಾರಾದರೂ ಕೆಟ್ಟಿದ್ದುಂಟೇ?”

“ಜಪಾನಿನಲ್ಲಿ ಒಬ್ಬಳು ಕೆಟ್ಟಳು” ಎಂದರು ಗುರುಗಳು.

ಶಿಷ್ಯ ನಕ್ಕ. “ನೀವು ಅರಸೀಕೆರೆ ದಾಟಿದ್ದೇ ಅಪರೂಪ. ಜಪಾನಿನ ಸುದ್ದಿ ನಿಮಗೆ ಹೇಗೆ ಗೊತ್ತು?”

“ರಾಮಾಯಣ ಹೇಳಿದವರೆಲ್ಲ ಲಂಕೆಗೆ ಹೋಗಿ ಬಂದಿದ್ದರೇನು? ಸುಮ್ಮನೆ ಕೇಳು.”

ಗುರುಗಳು ಹೇಳಿದ ಕತೆ ಇದು.

ಜಪಾನಿನ ಉತ್ತರದ ಒಂದು ಊರಿನಲ್ಲಿ ತೊಮೊಎ ಎಂಬ ಹೆಂಗಸಿದ್ದಳು. ಪ್ರಾಯದಲ್ಲಿ ಅವಳು ಆ ದೇಶದ ಚಾಂಪಿಯನ್. ಅವಳ ವಿದ್ಯೆ ಸ್ಕೇಟಿಂಗ್. ಬೂಟಿನ ಅಡಿಗೆ ಉಕ್ಕಿನ ಅಲಗು ಕಟ್ಟಿಕೊಂಡು, ಹೆಪ್ಪುಗಟ್ಟಿದ ನೀರಿನ ಅಂಗಳದಲ್ಲಿ ಸಂಗೀತಕ್ಕೆ ಸರಿಯಾಗಿ ಜಾರುತ್ತ ಕುಣಿಯಬೇಕು. ನಡುನಡುವೆ ನೆಗೆದು, ಗಾಳಿಯಲ್ಲಿ ಬುಗುರಿಯ ಹಾಗೆ ತಿರುಗಿ, ಒಂದೇ ಕಾಲಿನ ಮೇಲೆ ಇಳಿಯಬೇಕು. ನೋಡುವವರಿಗೆ ಅದು ನೀರು ಕುಡಿದಷ್ಟು ಸಲೀಸು. ಮಂಜುಗಡ್ಡೆ ಕಲ್ಲಿಗಿಂತ ಮೆತ್ತಗೇನೂ ಅಲ್ಲವೆಂದು ಬಿದ್ದವರಿಗೆ ಮಾತ್ರ ಗೊತ್ತು.

ತೊಮೊಎ ಮೂರು ಸುತ್ತಿನ ನೆಗೆತಕ್ಕೆ ಹೆಸರಾದವಳು. ಅವಳಷ್ಟು ಎತ್ತರಕ್ಕೆ ಹಾರಿದವರು ಅವಳ ಕಾಲದಲ್ಲಿ ಇರಲಿಲ್ಲ. ಆದರೆ ಅವಳ ಮನಸ್ಸಿದ್ದದ್ದು ನಾಲ್ಕನೆಯ ಸುತ್ತಿನ ಮೇಲೆ. ಅದಕ್ಕಾಗಿ ವರ್ಷಗಟ್ಟಲೆ ಹಟ ಹಿಡಿದಳು. ಒಂದು ಸಲವೂ ಕಾಲು ನಿಲ್ಲಲಿಲ್ಲ. ಮೊಣಕಾಲು ಸವೆಯಿತು, ವಯಸ್ಸು ಮೀರಿತು, ಪಟ್ಟ ಬೇರೆಯವರ ಪಾಲಾಯಿತು. ಆಮೇಲೆ ಊರಿಗೆ ಬಂದು, ತಾನು ಕಲಿತ ಅಂಗಳದಲ್ಲೇ ಹುಡುಗಿಯರಿಗೆ ಕಲಿಸತೊಡಗಿದಳು. ನಾಲ್ಕು ಸುತ್ತಿನ ಮಾತನ್ನು ಅವಳ ಎದುರು ಯಾರೂ ಎತ್ತುತ್ತಿರಲಿಲ್ಲ.

ಅವಳ ಬಾಯಿ ಖಾರ. ಬೆನ್ನು ಬಾಗಿದರೆ ಬೈಗುಳ, ತೋಳು ಇಳಿದರೆ ಬೈಗುಳ. ಹುಡುಗಿಯರು ಅತ್ತುಕೊಂಡೇ ಕಲಿಯುತ್ತಿದ್ದರು. ಕಲಿಯುತ್ತಿದ್ದರು ಎನ್ನುವುದನ್ನು ಮರೆಯಬೇಡ.

ಅವರಲ್ಲಿ ಕಯೊ ಎಂಬವಳು ಮೀನಿನ ಕಾರ್ಖಾನೆಯಲ್ಲಿ ದುಡಿಯುವವಳ ಮಗಳು. ಕಡ್ಡಿಯಂಥ ಹುಡುಗಿ. ಗಾಳಿಯೇ ಅವಳನ್ನು ಎತ್ತಿ ಇಳಿಸಿದಂತೆ ಕಾಣುತ್ತಿತ್ತು. ತೊಮೊಎ ಎಲ್ಲರಿಗಿಂತ ಹೆಚ್ಚಾಗಿ ಬೈದದ್ದು ಅವಳನ್ನೇ. ಹೊತ್ತು ಮೀರಿದ ಮೇಲೂ ನಿಲ್ಲಿಸಿಕೊಂಡು, ಮೊಣಕಾಲಿಗೆ ಕೈ ಹಚ್ಚಿ ತಿದ್ದುತ್ತಿದ್ದಳು. ಹೆತ್ತ ಮಗಳಿದ್ದರೂ ಅಷ್ಟು ಮಾಡುತ್ತಿರಲಿಲ್ಲವೇನೋ. ಆ ಪ್ರೀತಿ ನಿಜವಾದದ್ದು. ಕತೆಯ ಕಹಿ ಇರುವುದೇ ಅಲ್ಲಿ.

ಕಯೊಗೆ ಹನ್ನೆರಡು ತುಂಬಿದ ವರ್ಷ, ಒಂದು ಬೆಳಗಿನ ಅಭ್ಯಾಸದಲ್ಲಿ, ಯಾರೂ ಹೇಳದೆ ಅವಳು ನಾಲ್ಕು ಸುತ್ತು ಹಾರಿದಳು. ಇಳಿದಾಗ ಕಾಲು ನಿಂತಿತು. ಜೊತೆಯ ಹುಡುಗಿಯರು ಕೈಗವಸಿನಲ್ಲೇ ಚಪ್ಪಾಳೆ ತಟ್ಟಿದರು. ಕಯೊ ತನಗೇ ನಂಬಿಕೆಯಿಲ್ಲದವಳಂತೆ ತಿರುಗಿ ಗುರುವಿನ ಮುಖ ನೋಡಿದಳು.

ತೊಮೊಎ ಬೇರೆ ಏನನ್ನೋ ನೋಡಿದ್ದಳು. ಹುಡುಗಿ ನಾಲ್ಕು ಸುತ್ತನ್ನೂ ಗಾಳಿಯಲ್ಲಿ ತಿರುಗಿರಲಿಲ್ಲ. ಮೇಲೆ ಏಳುವ ಮೊದಲೇ, ಅಲಗು ಇನ್ನೂ ಮಂಜುಗಡ್ಡೆಯ ಮೇಲಿರುವಾಗಲೇ, ಅರ್ಧ ಸುತ್ತು ಮುಗಿಸಿಬಿಟ್ಟಿದ್ದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುವ ಕಳ್ಳತನ ಅದು. ತೀರ್ಪುಗಾರರು ಇಳಿಯುವ ಕಾಲನ್ನು ನೋಡುವಷ್ಟು ಏಳುವ ಕಾಲನ್ನು ನೋಡುವುದಿಲ್ಲ. ಹಗುರ ಮೈಯ ಮಕ್ಕಳಿಗೆ ಅದು ದಕ್ಕುತ್ತದೆ. ಮೈ ಬೆಳೆದು ಭಾರ ಬಂದ ಮೇಲೆ ದಕ್ಕುವುದಿಲ್ಲ. ನೆಲದ ಮೇಲೆ ತಿರುಚಿದ ಆ ಅರ್ಧ ಸುತ್ತೆಲ್ಲ ಬೆನ್ನುಮೂಳೆಯ ಬುಡಕ್ಕೆ ಹೋಗಿ ಕೂರುತ್ತದೆ. ಇದು ತೊಮೊಎಗೆ ಗೊತ್ತಿತ್ತು. ಅವಳ ಗುರು ಅವಳಿಗೆ ಮೊದಲು ಕಲಿಸಿದ್ದೇ ಇದನ್ನು.

ತಿದ್ದುವ ದಾರಿಯೂ ಗೊತ್ತಿತ್ತು. ನೆಗೆತವನ್ನು ಬಿಚ್ಚಿ ಹಾಕಿ, ಒಂದು ಸುತ್ತಿನಿಂದ ಮತ್ತೆ ಕಟ್ಟಬೇಕು. ಒಂದು ಇಡೀ ವರ್ಷ ಬೀಳಬೇಕು. ಆ ವರ್ಷ ಪದಕವಿಲ್ಲ, ಹೆಸರಿಲ್ಲ, ಅಳು ಮಾತ್ರ. ಆಮೇಲೆ ಬರುವ ನಾಲ್ಕು ಸುತ್ತು ಮಾತ್ರ ಯಾರೂ ಕಸಿಯಲಾಗದ್ದು.

ತೊಮೊಎ ಬಾಯಿ ತೆರೆದಳು. ಹುಡುಗಿಯ ಕೆನ್ನೆ ಕೆಂಪಾಗಿತ್ತು. ಆಗ ತೊಮೊಎಯ ಹೊಟ್ಟೆಯ ಬುಡದಲ್ಲಿ ಏನೋ ಸಣ್ಣಗೆ ಹೊತ್ತಿಕೊಂಡಿತು. ಈ ತಪ್ಪು ಉಳಿದರೆ ಈ ನೆಗೆತ ಉಳಿಯುವುದಿಲ್ಲ ಎಂದು ಅದು ಹೇಳಿತು. ಅದು ಹೇಳಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು, ಕೇಳಿಸಲಿಲ್ಲ ಎನ್ನುವಂತಿಲ್ಲ.

“ಚೆನ್ನಾಗಿತ್ತು” ಎಂದಳು.

ಅಂದಿನಿಂದ ಅವಳು ಕಯೊಳನ್ನು ಬೈದದ್ದಿಲ್ಲ. ಕಾರಣಗಳಿಗೇನು ಬರವೇ? ಮಗುವಿನ ಉತ್ಸಾಹಕ್ಕೆ ತಣ್ಣೀರು ಎರಚಬಾರದು, ಕಾಲ ಬದಲಾಗಿದೆ, ಈಗಿನ ಮಕ್ಕಳ ಮನಸ್ಸು ಸೂಕ್ಷ್ಮ. ಎಲ್ಲವೂ ಕೇಳಲು ಇಂಪಾದ ಮಾತುಗಳೇ. ಬೇರೆ ಹುಡುಗಿಯರಿಗೆ ಮಾತ್ರ ಎಂದಿನ ಖಾರ ಎಂದಿನಂತೆ ಬಡಿಸುತ್ತಿದ್ದಳು. ಸೆನ್ಸೇಗೆ ಕಯೊ ಎಂದರೆ ಮುದ್ದು ಎಂದು ಅವರು ಹೊಟ್ಟೆ ಉರಿದುಕೊಂಡರು. ಸೆನ್ಸೇ ಎಂದರೆ ಅವರ ಮಾತಿನಲ್ಲಿ ಗುರು.

ಕಯೊ ಕಿರಿಯರ ಪಂದ್ಯಗಳಲ್ಲಿ ಒಂದಾದ ಮೇಲೊಂದು ಗೆದ್ದಳು. ಆ ಆಟದಲ್ಲಿ ಒಂದು ಪದ್ಧತಿ ಉಂಟು. ಆಟ ಮುಗಿದ ಮೇಲೆ ಆಡಿದವಳೂ ಅವಳ ಗುರುವೂ ಅಂಗಳದ ಪಕ್ಕದ ಬೆಂಚಿನ ಮೇಲೆ ಜೊತೆಯಾಗಿ ಕೂತು ಅಂಕಗಳಿಗೆ ಕಾಯಬೇಕು. ಕ್ಯಾಮೆರಾ ಇಬ್ಬರ ಮುಖವನ್ನೂ ಹಿಡಿಯುತ್ತದೆ. ಅಂಕ ಬಂದಾಗಲೆಲ್ಲ ತೊಮೊಎ ಹುಡುಗಿಯನ್ನು ಅಪ್ಪಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಳು. ದೇಶವೆಲ್ಲ ನೋಡಿತು. ತನಗೆ ದಕ್ಕದ್ದನ್ನು ಶಿಷ್ಯೆಗೆ ಧಾರೆಯೆರೆದ ಮಹಾತಾಯಿ ಎಂದು ಪತ್ರಿಕೆಗಳು ಬರೆದವು. ಕಣ್ಣೀರು ಸುಳ್ಳಲ್ಲ. ಯಾವುದಕ್ಕಾಗಿ ಬಂತೆಂದು ಕ್ಯಾಮೆರಾಕ್ಕೆ ಹೇಗೆ ತಿಳಿಯಬೇಕು?

ಒಂದು ದಿನ ತೊಮೊಎಯ ಮುದಿ ಗುರು ಕೋಲೂರಿಕೊಂಡು ಅಂಗಳಕ್ಕೆ ಬಂದ. ಕಟಕಟೆಗೆ ಒರಗಿ ಕಯೊಳ ಒಂದೇ ಒಂದು ನೆಗೆತ ನೋಡಿದ.

“ಹುಡುಗಿ ನೆಲದ ಮೇಲೇ ತಿರುಗುತ್ತಿದ್ದಾಳೆ. ನಿನಗೆ ಕಾಣುತ್ತಿಲ್ಲವೇ?”

“ಅವಳ ಮನಸ್ಸು ಮುರಿಯುವುದು ಬೇಡ, ಸೆನ್ಸೇ.”

“ನಿನ್ನದನ್ನು ನಾನು ಮುರಿದಿದ್ದೆ. ಅದಕ್ಕೇ ನೀನು ಹಾರಿದೆ” ಎಂದು ಮುದುಕ ಅಲ್ಲಿ ನಿಲ್ಲದೆ ಹೋದ.

ಇನ್ನೂ ಹೊತ್ತು ಮೀರಿರಲಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರೆ, ಅದು ಇನ್ನೂ ಗಿಡವೇ. ಆ ರಾತ್ರಿ ತೊಮೊಎ ನಾಳೆ ಹೇಳಿಬಿಡುತ್ತೇನೆಂದು ಗಟ್ಟಿ ಮಾಡಿಕೊಂಡಳು. ಬೆಳಿಗ್ಗೆ ಕಯೊ ಬಂದು, ಮುಂದಿನ ವರ್ಷದಿಂದ ತನ್ನನ್ನು ಹಿರಿಯರ ಪಂದ್ಯಕ್ಕೆ ಕರೆದಿದ್ದಾರೆಂದು ಹೇಳಿದಳು. “ನೀವು ನಿಂತ ಜಾಗದಲ್ಲಿ ನಾನು ನಿಲ್ಲುತ್ತೇನೆ, ಸೆನ್ಸೇ” ಎಂದಳು. ಹುಡುಗಿ ಭಕ್ತಿಯಿಂದಲೇ ಹೇಳಿದ್ದು. ತೊಮೊಎ ಅವಳ ತಲೆ ಸವರಿದಳು. ಹೇಳಬೇಕಾದದ್ದನ್ನು ನುಂಗಿಕೊಂಡಳು.

ಮುಂದಿನದನ್ನು ಎಳೆಯುವುದು ಬೇಡ. ಕಯೊ ಎತ್ತರವಾದಳು, ಸೊಂಟ ತುಂಬಿತು, ನೆಗೆತ ಕೈಕೊಟ್ಟಿತು. ಬಿದ್ದಷ್ಟೂ ತನ್ನ ಶ್ರಮ ಸಾಲದೆಂದುಕೊಂಡಳು. ಮತ್ತಷ್ಟು ಹಾರಿದಳು, ಮತ್ತಷ್ಟು ತಿರುಚಿದಳು. ಬೆನ್ನು ನೋಯುತ್ತದೆಂದು ತಾಯಿಗೆ ಹೇಳಿದಳು. ಸೆನ್ಸೇಗೆ ಹೇಳಲಿಲ್ಲ, ಅಷ್ಟು ಒಳ್ಳೆಯ ಗುರುವಿಗೆ ಹೇಗೆ ಬೇಸರ ಮಾಡುವುದು? ಹಿರಿಯರ ಮೊದಲ ಪಂದ್ಯದಲ್ಲಿ ಮೂರು ಸಲ ನೆಗೆದು ಮೂರು ಸಲವೂ ಬಿದ್ದಳು. ಬೆಂಚಿನ ಮೇಲೆ ತೊಮೊಎ ಅವಳ ಬೆನ್ನು ತಟ್ಟಿ “ಚೆನ್ನಾಗಿತ್ತು” ಎಂದಳು. ಕೈ ತಾಗಿದ ಕಡೆ ಹುಡುಗಿ ನೋವಿನಿಂದ ಸರಿದು ಕೂತದ್ದನ್ನು ಕೂಡ ಕ್ಯಾಮೆರಾ ತೋರಿಸಿತು.

ಬೆನ್ನುಮೂಳೆಯ ಬುಡದಲ್ಲಿ ಬಿರುಕು ಬಿಟ್ಟಿದೆ, ಇನ್ನು ನಡೆದಾಡಬಹುದು, ನೆಗೆಯುವಂತಿಲ್ಲ ಎಂದರು ವೈದ್ಯರು. ಆಗ ಅವಳಿಗೆ ಹದಿನಾರು.

ಎಷ್ಟೋ ತಿಂಗಳ ಮೇಲೆ ಕಯೊ ತನ್ನ ಬೂಟುಗಳನ್ನು ಒಯ್ಯಲು ಅಂಗಳಕ್ಕೆ ಬಂದಳು. ಸೊಂಟಕ್ಕೆ ಪಟ್ಟಿ ಬಿಗಿದಿತ್ತು. ತೊಮೊಎ ಎದ್ದು ನಿಂತಳು. ಕಯೊ ಕೂರಲಿಲ್ಲ.

“ಹಾಸಿಗೆಯಲ್ಲಿ ಮಲಗಿ ನನ್ನ ಹಳೆಯ ಆಟಗಳನ್ನೆಲ್ಲ ನಿಧಾನವಾಗಿ ನೋಡಿದೆ, ಸೆನ್ಸೇ. ನನ್ನ ಕಾಲು ನೆಲದ ಮೇಲೇ ತಿರುಗುತ್ತಿತ್ತು. ಆಗ ನನಗೆ ಹನ್ನೆರಡು, ಕಾಣಲಿಲ್ಲ. ನಿಮಗೆ ಕಾಣುತ್ತಿತ್ತೇ?”

ಸುಳ್ಳು ಹೇಳಬಹುದಿತ್ತು. ತೊಮೊಎಗೆ ಅದೊಂದು ಸುಳ್ಳು ಮಾತ್ರ ಬಾಯಿಗೆ ಬರಲಿಲ್ಲ. “ಕಾಣುತ್ತಿತ್ತು” ಎಂದಳು. “ನಿನ್ನನ್ನು ನೋಯಿಸಬಾರದೆಂದು ಸುಮ್ಮನಿದ್ದೆ.”

“ನೀವು ಬೈದವರೆಲ್ಲ ಇನ್ನೂ ಆಡುತ್ತಿದ್ದಾರೆ” ಎಂದಳು ಕಯೊ.

ಅಂಗಳದಿಂದ ಹೊರಡುವವರು ಮೊದಲು ಮಂಜುಗಡ್ಡೆಗೆ, ಆಮೇಲೆ ಗುರುವಿಗೆ ಬಾಗಿ ನಮಸ್ಕರಿಸುವುದು ಅಲ್ಲಿಯ ರೂಢಿ. ಎಷ್ಟೇ ಕೋಪವಿದ್ದರೂ ಯಾರೂ ತಪ್ಪಿಸುವುದಿಲ್ಲ. ಕಯೊ ಪಟ್ಟಿ ಬಿಗಿದ ಸೊಂಟವನ್ನು ಕಷ್ಟಪಟ್ಟು ಬಗ್ಗಿಸಿ ಮಂಜುಗಡ್ಡೆಗೆ ನಮಸ್ಕರಿಸಿದಳು. ಬೂಟುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಗುರುವಿನ ಮುಂದೆಯೇ ಹಾದು ಹೊರಗೆ ಹೋದಳು.

ತೊಮೊಎ ಈಗಲೂ ಅಲ್ಲಿಯೇ ಕಲಿಸುತ್ತಾಳೆ. ಆ ಊರಿನ ಮಟ್ಟಿಗೆ ಅವಳಿಗಿಂತ ಮೇಲಿನವರು ಇನ್ನೂ ಹುಟ್ಟಿಲ್ಲ. ಅವಳ ಒಳಗೆ ಹೊತ್ತಿಕೊಂಡದ್ದು ಕೇಳಿದ್ದು ಅದನ್ನೇ ಅಲ್ಲವೇ, ಅದು ದಕ್ಕಿತು. ಕಣ್ಣೊರೆಸಿಕೊಳ್ಳಲು ಈಗ ಅವಳ ಮುಂದೆ ಕ್ಯಾಮೆರಾ ಇಲ್ಲ, ಬೆಂಚಿನಲ್ಲಿ ಪಕ್ಕಕ್ಕೆ ಕೂರುವವರೂ ಇಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಸ್ವಲ್ಪ ಹೊತ್ತು ತಲೆ ಆಡಿಸಿದ.

“ಎಂಥ ಪಾಪಿ ಹೆಂಗಸು,” ಎಂದ. “ಆದರೆ ಅವಳ ಮಾತು ಬೇರೆ, ನನ್ನ ಮಾತು ಬೇರೆ, ಗುರುಗಳೇ. ಅವಳ ಹೊಟ್ಟೆಯಲ್ಲಿ ಕಿಚ್ಚಿತ್ತು. ನಾನು ಪ್ರೀತಿಯಿಂದ ಹೊಗಳುತ್ತೇನೆ.”

“ಇರಬಹುದು,” ಎಂದರು ಗುರುಗಳು. “ನಿನ್ನ ಹುಡುಗರಲ್ಲಿ ನಿನಗಿಂತ ಚೆನ್ನಾಗಿ ನುಡಿಸುವವನು ಒಬ್ಬನಿದ್ದಾನಲ್ಲ, ಅವನ ಕೈಯನ್ನು ನೀನು ಕಡೆಯ ಸಲ ತಿದ್ದಿದ್ದು ಯಾವಾಗ?”