ಹಂಪಯ್ಯನ ಕೈಗುಣ

"ಪ್ರಭು, ನನ್ನ ಕೈಯಿಂದ ಬೋಣಿಯಾದ ಅಂಗಡಿ ಸಂಜೆಯೊಳಗೆ ಖಾಲಿಯಾಗಲೇಬೇಕು. ಮಾರುವವನು ಹೊದ್ದ ಕಂಬಳಿಯನ್ನೂ ಬಿಡದೆ ಕೊಂಡುಹೋಗ್ತಾರೆ," ಎಂದು ಹಂಪಯ್ಯ ತುಂಬಿದ ಸಭೆಯಲ್ಲಿ ಬಲಗೈ ಎತ್ತಿ ತೋರಿಸಿದ.

ಬೆಣಚಿನಕೋಟೆಯ ಕೈಕಸುಬಿನ ಸಂತೆಗೆ ಹಂಪಯ್ಯ ಪಾರುಪತ್ತೇಗಾರ. ಸಂತೆಯ ಬಾಗಿಲಿನ ಬೀಗದಕೈ ಅವನ ಸೊಂಟದಲ್ಲೇ ಇರುತ್ತಿತ್ತು. ಮಾರುವವರು ಬೆಳಕು ಹರಿಯುವ ಮುಂಚೆ ಒಳಗೆ ಬಂದು ಕೂರಬೇಕು. ಹಂಪಯ್ಯ ಒಂದು ಸುತ್ತು ಹಾಕಿದ ಮೇಲಷ್ಟೇ ಕೊಳ್ಳುವವರಿಗೆ ಬಾಗಿಲು. ಆ ಸುತ್ತಿನಲ್ಲಿ ಕಣ್ಣಿಗೆ ಬಿದ್ದ ಒಳ್ಳೆಯ ಪದಾರ್ಥದ ಮುಂದೆ ಒಂದು ತಾಮ್ರದ ಕಾಸು ಇಟ್ಟು, "ಬೋಣಿ" ಅನ್ನುತ್ತಿದ್ದ.

ಸಂತೆ ತಿರುಗಿದವರಿಗೆಲ್ಲ ಗೊತ್ತು, ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವ ಹಾಗಿಲ್ಲ. ಕೊಟ್ಟಿದ್ದನ್ನು ಕಣ್ಣಿಗೊತ್ತಿಕೊಂಡು ಸುಮ್ಮನಾಗಬೇಕು. ಹೀಗೆ ಕಂಚಿನ ದೀಪ, ಕೆತ್ತಿದ ಮಣೆ, ನೇಯ್ದ ಜಮಖಾನ ಎಲ್ಲ ಕಾಸಿಗೊಂದರಂತೆ ಹಂಪಯ್ಯನ ಮನೆ ಸೇರಿದ್ದವು. ದೂರು ಹೋದಾಗಲೆಲ್ಲ ಅವನದು ಒಂದೇ ಮಾತು, ಎಲ್ಲರೂ ಬದುಕಿರೋದು ನನ್ನ ಕೈಗುಣದಿಂದ. ದೊರೆ ಕೆಂಚನಾಯಕನಿಗೂ ಶಕುನ, ಕೈಗುಣ ಅಂದರೆ ಬಲು ನಂಬಿಕೆ.

ಹಿಂದಿನ ದಿನವಷ್ಟೇ ತುಂಗವ್ವ ಆಸ್ಥಾನದ ಚತುರ ಲಕ್ಕರಸನ ಜಗುಲಿಗೆ ಬಂದು ಕೂತಿದ್ದಳು. ಅರಗಿನ ಬಣ್ಣದ ತೊಟ್ಟಿಲು ಮಾಡುವವಳು. ಈ ಸಲದ್ದು ಮಳೆಗಾಲವೆಲ್ಲ ಕೂತು ಮಾಡಿದ್ದು, ನಾಲ್ಕೂ ಕಾಲಿಗೆ ನವಿಲು ಬರೆದಿದ್ದಳು.

"ಹಂಪಯ್ಯನ ಮಗಳು ಹೆತ್ತಿದ್ದಾಳಂತೆ ಸ್ವಾಮಿ. 'ತೊಟ್ಟಿಲು ತಾ, ನಾನೇ ಬೋಣಿ ಮಾಡ್ತೀನಿ' ಅಂತ ಹೇಳಿ ಹೋದ. ಇದೂ ಕಾಸಿಗೆ ಹೋದರೆ ಮತ್ತೆ ಮರ ಕೊಳ್ಳೋಕೆ, ಅರಗು ಕೊಳ್ಳೋಕೆ ನನ್ನ ಹತ್ತಿರ ಏನೂ ಇಲ್ಲ. ಕಸುಬು ಬಿಟ್ಟು ಕಂಡವರ ಹೊಲಕ್ಕೆ ಕಳೆ ಕೀಳೋಕೆ ಹೋಗಬೇಕು."

"ಸಂತೆಗೆ ತರದೇ ಇದ್ದರೆ?"

"ಮನೆಗೇ ಬಂದು ಬೋಣಿ ಮಾಡ್ತಾನೆ."

ಲಕ್ಕರಸ ಗಲ್ಲ ಕೆರೆದುಕೊಂಡ. "ನಿನ್ನ ಪಕ್ಕದಲ್ಲಿ ಕೂರೋದು ಯಾರವ್ವ?"

"ಬಿದಿರು ಕೆಲಸದ ಬೋರಣ್ಣ."

"ಸರಿ, ತೊಟ್ಟಿಲು ತಾ," ಎಂದು ಲಕ್ಕರಸ ಬೋರಣ್ಣನ ಮನೆ ಕಡೆ ಹೊರಟಿದ್ದ.

ಈಗ ಸಭೆಯಲ್ಲಿ ಹಂಪಯ್ಯ ಎತ್ತಿದ ಕೈ ಇಳಿಸುವ ಮುಂಚೆ ಲಕ್ಕರಸ ಎದ್ದು ನಿಂತ.

"ಪ್ರಭು, ಇಂಥ ಕೈ ಇಟ್ಟುಕೊಂಡು ಹಂಪಯ್ಯನವರು ಜಿಪುಣತನ ಮಾಡ್ತಾರಲ್ಲ, ಅದೇ ನನ್ನ ದೂರು."

"ಜಿಪುಣತನವೇ?" ಎಂದ ದೊರೆ.

"ತಮಗೆ ಬೇಕಾದವರಿಗೆ ಮಾತ್ರ ಬೋಣಿ ಮಾಡ್ತಾರೆ. ಮಿಕ್ಕವರು ಏನು ಪಾಪ ಮಾಡಿದ್ದಾರೆ? ನಾಳೆ ಯಾರು ಕೇಳಿದರೂ ಇಲ್ಲ ಅನ್ನಬಾರದು ಅಂತ ಅಪ್ಪಣೆಯಾಗಲಿ. ತಾವೂ ಬಂದು ಆ ಕೈಯ ಚಮತ್ಕಾರ ನೋಡಬೇಕು."

ಹಂಪಯ್ಯನಿಗೆ ಹಬ್ಬ. ಇಡೀ ಸಂತೆ ಕಾಸಿಗೊಂದರಂತೆ, ಅದೂ ದೊರೆಯ ಅಪ್ಪಣೆಯ ಮೇಲೆ. "ಯಾರು ಕೇಳಿದರೂ ಮಾಡ್ತೀನಿ ಪ್ರಭು. ಮಾತು ಕೊಟ್ಟೆ."

ಮರುದಿನ ಬೆಳಗ್ಗೆ ದೊರೆಯ ಮುಂದೆ ಹಂಪಯ್ಯ ಕೈ ಬೀಸಿಕೊಂಡು ನಡೆದ. ಹಿಂದೆ ಸಾಮಾನು ಹೊರಲು ಎರಡು ಎತ್ತಿನ ಗಾಡಿ. ನೇರ ತೊಟ್ಟಿಲ ಹತ್ತಿರ ಬಂದು ಕಾಸು ತೆಗೆಯುವಷ್ಟರಲ್ಲಿ ಪಕ್ಕದಿಂದ ಬೋರಣ್ಣ ಅಡ್ಡ ಬಂದು ಕೈಮುಗಿದ.

"ಮೊದಲು ನಂಗೊಂದು ಬೋಣಿ ಮಾಡಿಕೊಡಿ ಧಣಿ."

"ಏನಯ್ಯಾ ಅದು, ಏಣಿಯಾ?"

"ಚಟ್ಟ, ಧಣಿ. ಹಸಿ ಬಿದಿರು, ನಿನ್ನೆ ಕಟ್ಟಿದ್ದು. ಮಲಗಿ ನೋಡಿ ಬೇಕಾದರೆ."

ಹಂಪಯ್ಯ ಕೈಯನ್ನು ಪಂಚೆಗೆ ಒರೆಸಿಕೊಂಡ. "ಬಾಣಂತಿ ಇರೋ ಮನೆ ನಂದು. ಹೆಣ ಹೊರೋದನ್ನ ಕೊಂಡುಹೋಗಲಾ? ತೆಗಿ ಆಚೆ."

"ವರ್ಷದಿಂದ ಊರಲ್ಲಿ ಒಬ್ಬರೂ ಹೋಗಿಲ್ಲ ಧಣಿ, ವ್ಯಾಪಾರವೇ ಇಲ್ಲ. ಮಾಡಿದ್ದೆಲ್ಲ ಹಾಗೇ ಬಿದ್ದಿದೆ." ಬೋರಣ್ಣ ಹಿಂದಕ್ಕೆ ಕೈ ತೋರಿಸಿದ. ಗೋಡೆಯುದ್ದಕ್ಕೂ ಚಟ್ಟಗಳು ಸಾಲಾಗಿ ಒರಗಿದ್ದವು. "ನಿಮ್ಮ ಕೈ ಒಂದಕ್ಕೆ ತಾಗಿದರೆ ಸಾಕು. ಕಾಸೂ ಬೇಡ."

"ಮಾತು ಕೊಟ್ಟಿದ್ದೀಯಲ್ಲ ಹಂಪಯ್ಯ, ಮಾಡು," ಎಂದ ದೊರೆ.

"ಮಾಡಲಿ ಪ್ರಭು," ಎಂದ ಲಕ್ಕರಸ, "ಆದರೆ ಇವರ ಕೈಯಿಂದ ಬೋಣಿಯಾದರೆ ಸಂಜೆಯೊಳಗೆ ಅಂಗಡಿ ಖಾಲಿ. ಅಷ್ಟೂ ಚಟ್ಟಕ್ಕೆ ಗಿರಾಕಿಗಳು ಈ ಊರವರೇ ಆಗಬೇಕಲ್ಲ. ಯಾರ್ಯಾರು ಅಂತ ಯೋಚನೆ ಮಾಡ್ತಿದ್ದೆ. ನಾನಂತೂ ಇದೇ ಊರಲ್ಲಿ ಇರೋದು. ತಾವೂ ಇಲ್ಲೇ ಇರೋದು."

ದೊರೆ ಎರಡು ಹೆಜ್ಜೆ ಹಿಂದೆ ಸರಿದ. "ಹಂಪಯ್ಯ, ಮುಟ್ಟಬೇಡ. ಕೈ ಹಿಂದಕ್ಕೆ ತಗೋ."

"ಇವತ್ತು ಮುಟ್ಟಲಿಲ್ಲ ಅಂತಿಟ್ಟುಕೊಳ್ಳಿ," ಎಂದ ಲಕ್ಕರಸ. "ನಾಳೆ ಎಡವಿ ಬಿದ್ದು ತಾಗಿದರೆ? ಇಂಥ ಕೈ ಊರಲ್ಲಿ ಸುಮ್ಮನೆ ತಿರುಗಾಡೋದು ಅಪಾಯ. ಕತ್ತರಿಸೋದು ಕ್ರೂರವಾಯ್ತು. ಕೈಯ ಜೊತೆಗೆ ಹಂಪಯ್ಯನವರನ್ನೂ ಹೊಳೆಯಾಚೆ ಕಳಿಸಿಬಿಟ್ಟರೆ ವಾಸಿ."

"ಗಾಡಿ ಹೇಗೂ ತಂದಿದ್ದಾನೆ," ಎಂದ ದೊರೆ.

ಹಂಪಯ್ಯ ಅಲ್ಲೇ ಕುಸಿದು ದೊರೆಯ ಕಾಲು ಹಿಡಿದ. "ಪ್ರಭು, ನನ್ನ ಕೈಯಲ್ಲಿ ಯಾವ ಗುಣವೂ ಇಲ್ಲ. ಎಲ್ಲರ ಕೈ ಥರಾನೇ ಮಾಮೂಲಿ ಕೈ. ಹೋದ ವಾರ ಬೋಣಿ ಮಾಡಿದ ಕುಂಬಾರನ ಮಡಕೆ ಒಂದೂ ಮಾರಾಟವಾಗಿಲ್ಲ, ಬೇಕಾದರೆ ಕೇಳಿ."

"ಹೌದು ಪ್ರಭು, ಒಂದೂ ಹೋಗಿಲ್ಲ," ಅಂತ ಮೂಲೆಯಿಂದ ಕುಂಬಾರ ಕೂಗಿದ.

ಲಕ್ಕರಸ ತುಂಗವ್ವನ ಕಡೆ ತಿರುಗಿದ. "ಕೇಳಿದೆಯಾ ಅವ್ವ? ಮಾಮೂಲಿ ಕೈಯಂತೆ. ನಿನ್ನ ಮಾಮೂಲಿ ಬೆಲೆ ಹೇಳು."

ದೊರೆಗೆ ಆಗ ಎಲ್ಲ ಹೊಳೆಯಿತು. ಹೊಟ್ಟೆ ಹಿಡಿದು ನಕ್ಕು, ಹಂಪಯ್ಯನ ಸೊಂಟದ ಬೀಗದಕೈಯನ್ನು ತಾನೇ ಬಿಚ್ಚಿ ಲಕ್ಕರಸನ ಕೈಗೆ ಹಾಕಿದ. ತುಂಗವ್ವ ತೊಟ್ಟಿಲನ್ನು ಸೆರಗಿನಿಂದ ಒರೆಸಿ, ಗಂಟಲು ಸರಿಮಾಡಿಕೊಂಡು, ಬೆಲೆ ಹೇಳಿದಳು.

ಹಂಪಯ್ಯ ಸಂಚಿ ಬಿಚ್ಚಿದ. ಹಳೆಯ ಅಭ್ಯಾಸ, ನಾಲಿಗೆ ತಡೆಯಲಿಲ್ಲ. "ಸ್ವಲ್ಪ ನೋಡಿ ಹೇಳವ್ವ. ಬೆಳಗ್ಗೆ ಬೆಳಗ್ಗೆ, ಬೋಣಿ..."

"ಬೋಣಿ ಇದ್ದರೆ ಈ ಕಡೆ ಬನ್ನಿ ಧಣಿ," ಎಂದ ಬೋರಣ್ಣ, "ನಂದಿನ್ನೂ ಆಗಿಲ್ಲ."

ಹಂಪಯ್ಯ ಹೇಳಿದಷ್ಟೂ ಎಣಿಸಿ ಕೊಟ್ಟ.