ನೇರಳೆ ಹಣ್ಣಿನ ನೆಪ

ಒಂದು ಕಾಡಿನಲ್ಲಿ ಗುಡಾಣಪ್ಪ ಎಂಬ ಕರಡಿಯಿದ್ದ. ತನ್ನ ಹೊಟ್ಟೆಯನ್ನು ತಾನೇ ಗೇಲಿ ಮಾಡಿಕೊಳ್ಳುವುದರಲ್ಲಿ ಅವನದು ಎತ್ತಿದ ಕೈ. "ಇದು ಹೊಟ್ಟೆಯಲ್ಲ, ಉಗ್ರಾಣ" ಎಂದು ತಟ್ಟಿಕೊಂಡು ನಗುತ್ತಿದ್ದ.

ಆ ಬೇಸಿಗೆಯಲ್ಲಿ ನೇರಳೆ ಮರಗಳು ಹೂಬಿಟ್ಟವು. ಹುಳುಗಳು ಜೇನು ಕಟ್ಟತೊಡಗಿದವು. ಅದೇ ಹೊತ್ತಿಗೆ ಗುಡಾಣಪ್ಪನ ಉಗ್ರಾಣ ಕೆಟ್ಟಿತು. ಹೊಟ್ಟೆ ಉರಿಯುತ್ತಿತ್ತು. ಎರಡು ತುತ್ತಿಗೇ ಸಾಕೆನಿಸುತ್ತಿತ್ತು. ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾಗಿತ್ತು.

"ಏನೋ ಗುಡಾಣಪ್ಪ, ಮೈಯೆಲ್ಲ ಇಳಿದುಹೋಯ್ತಲ್ಲೋ?" ಎಂದಳು ಗೆಳತಿ ಮುಳ್ಳುಹಂದಿ.

"ಸೆಕೆ ಅಲ್ವಾ ಅಕ್ಕ, ಬಿಚ್ಚಿಟ್ಟಿದ್ದೀನಿ!"

"ತಮಾಷೆ ಸಾಕು. ಆನೆಯಜ್ಜಿಗೆ ತೋರಿಸು."

ಆನೆಯಜ್ಜಿ ಆ ಕಾಡಿನ ವೈದ್ಯೆ. ಹೊಟ್ಟೆನೋವು ಎಂದವರಿಗೆಲ್ಲ ಗಂಜಿಯ ಪಥ್ಯ ಹಾಕುವವಳು. ಜೇನಿನ ಕಾಲದಲ್ಲಿ ಗಂಜಿಯೇ? ಗುಡಾಣಪ್ಪ ಒಂದು ಉಪಾಯ ಹೂಡಿದ.

"ನನ್ನ ಬದಲು ನೀನೇ ಹೋಗಿ ಬಾ ಅಕ್ಕ. ಬರೀ ಗ್ಯಾಸು ಅನ್ನು."

ಉಳಿದದ್ದನ್ನು ಅವನು ಅವಳಿಗೂ ಹೇಳಲಿಲ್ಲ. ಪಾಪ, ಅವಳು ಹೋಗಿ ಹಾಗೆಯೇ ಹೇಳಿದಳು. ಅಜ್ಜಿ ಜೀರಿಗೆ ಕಷಾಯ ಕೊಟ್ಟು, "ಎರಡು ದಿನದಲ್ಲಿ ಬಿಡದಿದ್ರೆ ಅವನೇ ಬರಲಿ" ಎಂದಳು. ಗುಡಾಣಪ್ಪ ಕಷಾಯವನ್ನು ಕುಡಿದ. ಮಾತನ್ನು ಮರೆತ.

ಜೇನು ತುಂಬಿದ ದಿನ ಎಲ್ಲರಿಗಿಂತ ಮೊದಲು ಮರ ಹತ್ತಿದ. ಅರ್ಧಕ್ಕೇ ಕಣ್ಣು ಕತ್ತಲೆಯಿಟ್ಟಿತು. ದೊಪ್ಪನೆ ಬಿದ್ದು ರಕ್ತ ಕಾರಿಕೊಂಡ. "ಅಕ್ಕಾ, ನಾನು ಸತ್ತೇಹೋಗ್ತೀನಾ?" ಎಂದು ಅತ್ತ. ಮುಳ್ಳುಹಂದಿ ಓಡಿಹೋಗಿ ಆನೆಯಜ್ಜಿಯನ್ನು ಕರೆತಂದಳು.

ಅಜ್ಜಿ ಸೊಂಡಿಲಿನಿಂದ ಅವನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದಳು. "ಮಲ ಯಾವ ಬಣ್ಣ?"

"ಕಪ್ಪು, ಅಜ್ಜಿ. ನೇರಳೆ ಹಣ್ಣು ತಿಂದಿದ್ದೆ, ಅದಕ್ಕೇ..."

"ನೇರಳೆ ಇನ್ನೂ ಹೂವಲ್ಲಿದೆ. ಆ ಹೂವಿನ ಜೇನಿಗೇ ಅಲ್ವೇನೋ ನೀನು ಮರ ಹತ್ತಿದ್ದು?"

ಗುಡಾಣಪ್ಪ ಇದ್ದದ್ದನ್ನೆಲ್ಲ ಒಪ್ಪಿಕೊಂಡ.

"ಒಳಗೆ ಹುಣ್ಣಾಗಿ ರಕ್ತ ಸೋರ್ತಿದೆ. ಇನ್ನೊಂದು ದಿನ ತಡವಾಗಿದ್ರೆ ನಾನು ಬಂದೂ ಪ್ರಯೋಜನವಿರಲಿಲ್ಲ. ನಗಬೇಡ ಅನ್ನಲ್ಲ ಮಗಾ. ಮೊದಲು ಹೇಳು, ಆಮೇಲೆ ನಗು."

ಗುಡಾಣಪ್ಪ ಬದುಕಿಕೊಂಡ. ಆದರೆ ಜೇನಿನ ಕಾಲ ಮುಗಿಯುವವರೆಗೂ ಉಪ್ಪಿಲ್ಲದ ಗಂಜಿಯೇ ಗತಿಯಾಯಿತು. ಉಳಿದ ಕರಡಿಗಳು ಅವನ ಕಣ್ಣೆದುರೇ ಬೆರಳು ಚೀಪುತ್ತಿದ್ದವು.

"ಎಲ್ಲರಿಗೂ ಟೋಪಿ ಹಾಕಿದೆ ಅಂದ್ಕೊಂಡಿದ್ದೆ ಅಕ್ಕ," ಎಂದ ಅವನು ಗಂಜಿ ಹೀರುತ್ತಾ. "ಮೋಸ ಮಾಡಿದ್ದೂ ನಾನೇ, ಮೋಸ ಹೋದದ್ದೂ ನಾನೇ. ದೂರು ಕೊಡೋಣ ಅಂದ್ರೆ ಯಾರ ಮೇಲೆ ಕೊಡ್ಲಿ?"

ನೀತಿ: ಹೊಟ್ಟೆನೋವು ಬಿಡದೆ ಕಾಡಿದರೆ, ಕಾರಣವಿಲ್ಲದೆ ಮೈ ಇಳಿದರೆ, ಮಲ ಕಪ್ಪಾದರೆ ಅಥವಾ ರಕ್ತ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು, ಹೋದ ಮೇಲೆ ಏನನ್ನೂ ಮುಚ್ಚಿಡಬಾರದು.